ಕೊಡಗಿಗೆ ಈಗ ಬರಬಹುದಾ? ದಿನ, ದಿಕ್ಕು, ದಾರಿ ನೋಡಿ ಹೇಳಬೇಕಾದ ಉತ್ತರ

ಜೂನ್ ಮುಗಿಯುತ್ತಿದ್ದಂತೆ ಕೊಡಗಿನ ಪ್ರತಿ ಮನೆಗೂ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಒಂದು ಫೋನ್ ಬಂದೇ ಬರುತ್ತದೆ. "ರೂಮ್ ಬುಕ್ ಮಾಡಿದ್ದೇವೆ, ಟಿವಿಯಲ್ಲಿ ಏನೇನೋ ತೋರಿಸ್ತಿದ್ದಾರೆ, ಬರಬಹುದಾ?" ಕೇಳುವವರಿಗೆ ಬೇಕಿರುವುದು ಹೌದು ಅಥವಾ ಬೇಡ ಎಂಬ ಒಂದು ಮಾತು. ನಮಗೋ ಆ ಒಂದು ಮಾತನ್ನು ಹೇಳುವುದೇ ಕಷ್ಟ. ಬನ್ನಿ ಎಂದರೆ ನಾಳೆ ರಾತ್ರಿ ಏನಾದೀತೋ ಎಂಬ ಭಯ. ಬೇಡ ಎಂದರೆ ಪಕ್ಕದ ಹೋಂಸ್ಟೇಯವರ ಹೊಟ್ಟೆಯ ಮೇಲೆ ಹೊಡೆದಂತೆ. ಹಾಗಾಗಿ "ನೋಡ್ಕೊಂಡು ಬನ್ನಿ" ಎಂದು ಹೇಳಿ ಮುಗಿಸುತ್ತೇವೆ. ಆದರೆ ನೋಡಬೇಕಾದ್ದು ಏನನ್ನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಕೊಡಗಿನ ಅನಿಶ್ಚಿತತೆ ಪೂರ್ತಿ ಕುರುಡು ಅನಿಶ್ಚಿತತೆ ಅಲ್ಲ. ಯಾವ ಗುಡ್ಡ ಯಾವ ಗಳಿಗೆಯಲ್ಲಿ ಜರಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ನಿಜ. ಆದರೆ ಯಾವ ವಾರಗಳಲ್ಲಿ, ಜಿಲ್ಲೆಯ ಯಾವ ಭಾಗದಲ್ಲಿ, ಯಾವ ರಸ್ತೆಯಲ್ಲಿ ಅಪಾಯ ಹೆಚ್ಚು ಎಂಬುದು ಸಾಕಷ್ಟು ಗೊತ್ತಿದೆ. ಪ್ರವಾಸದ ಯೋಜನೆ ಬದಲಿಸುವುದೆಂದರೆ ಈ ಗೊತ್ತಿರುವ ಭಾಗಕ್ಕೆ ತಕ್ಕಂತೆ ದಿನ, ದಿಕ್ಕು, ದಾರಿಗಳನ್ನು ಜರುಗಿಸುವುದು. ಇಡೀ ಪ್ರವಾಸವನ್ನೇ ರದ್ದು ಮಾಡುವುದು ಅನೇಕ ಸಲ ಅಗತ್ಯವೇ ಇರುವುದಿಲ್ಲ.

ಮೊದಲು ದಿನಗಳನ್ನು ನೋಡೋಣ. 2018ರ ಆಗಸ್ಟ್ ಮಧ್ಯದಲ್ಲಿ, ಸ್ವಾತಂತ್ರ್ಯ ದಿನದ ಬೆನ್ನಿಗೇ, ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಸುತ್ತಲಿನ ಬೆಟ್ಟಗಳು ಒಂದರ ಹಿಂದೆ ಒಂದು ಕುಸಿದವು. 2019ರ ಆಗಸ್ಟ್ 9ರಂದು ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಮನೆಗಳ ಮೇಲೆ ಬಿತ್ತು. 2020ರಲ್ಲಿ ಆಗಸ್ಟ್ 5ರ ರಾತ್ರಿ ಕಳೆದು 6ರ ಬೆಳಗಾಗುವ ಹೊತ್ತಿಗೆ ತಲಕಾವೇರಿಯ ಬ್ರಹ್ಮಗಿರಿ ಜರಿದು ಪ್ರಧಾನ ಅರ್ಚಕರ ಮನೆ ಕೊಚ್ಚಿಹೋಯಿತು, ಐವರು ಮಣ್ಣಿನಡಿಯಾದರು. ಮೂರು ವರ್ಷ, ಮೂರು ಬೇರೆ ಬೇರೆ ಜಾಗ, ಆದರೆ ಮೂರೂ ಆಗಸ್ಟ್‌ನ ಮೊದಲ ಎರಡು ಮೂರು ವಾರಗಳೊಳಗೆ. ನೆರೆಯ ವಯನಾಡಿನ ಮುಂಡಕೈ, ಚೂರಲ್‌ಮಲ ದುರಂತ ನಡೆದದ್ದು 2024ರ ಜುಲೈ 30ರಂದು. ಇದು ಕಾಕತಾಳೀಯವಲ್ಲ. ಜೂನ್‌ನಿಂದ ಸುರಿದ ಮಳೆ ಮಣ್ಣಿನೊಳಗೆ ಇಳಿದು ಇಳಿದು, ಇನ್ನು ನೀರು ಹಿಡಿಯಲಾರೆ ಎನ್ನುವ ಸ್ಥಿತಿಗೆ ಬೆಟ್ಟ ಬಂದಿರುವ ಹೊತ್ತು ಅದು. ಆಮೇಲೆ ಬೀಳುವ ಎರಡು ಮೂರು ದಿನಗಳ ಬಿರುಸು ಮಳೆಯೇ ಸಾಕಾಗುತ್ತದೆ.

ಅದೇ ಹೊತ್ತಿಗೆ ನಮ್ಮ ನಗರಗಳ ಕ್ಯಾಲೆಂಡರ್‌ನಲ್ಲಿ ಆಗಸ್ಟ್ 15ರ ರಜೆ ಬರುತ್ತದೆ. ಅದು ಶುಕ್ರವಾರವೋ ಸೋಮವಾರವೋ ಆದರಂತೂ ಮೈಸೂರು ದಾಟಿ ಬರುವ ಕಾರುಗಳ ಸಾಲು ಕುಶಾಲನಗರದವರೆಗೂ ಕರಗುವುದಿಲ್ಲ. ಬೆಟ್ಟ ಅತಿ ಹೆಚ್ಚು ನೆನೆದಿರುವ ವಾರಕ್ಕೇ ಅತಿ ಹೆಚ್ಚು ಜನ ಬರುತ್ತಾರೆ. ನಮ್ಮ ಹಿರಿಯರ ಲೆಕ್ಕ ಇದಕ್ಕೆ ತಿರುಗುಮುರುಗು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ, ದೂರದ ಓಡಾಟ ಇಲ್ಲ. ನಾಟಿ ಕೆಲಸ, ಮನೆ, ಒಲೆ, ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ. ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದ ಮೇಲೆಯೇ ಮತ್ತೆ ನೆಂಟರ ಮನೆಯ ದಾರಿ. ಇದನ್ನು ಸಂಪ್ರದಾಯ ಎಂದಷ್ಟೇ ನೋಡಬಾರದು. ಈ ನೆಲದಲ್ಲಿ ಬದುಕಿದವರು ಮಳೆ ನೋಡಿ ಮಾಡಿಕೊಂಡ ಪ್ರಯಾಣದ ವೇಳಾಪಟ್ಟಿ ಅದು. "ಮಾನ್ಸೂನ್ ಪ್ಯಾಕೇಜ್" ಎಂದು ಜುಲೈ ಕೊನೆಯ ವಾರವನ್ನು ಮಾರುವ ಜಾಹೀರಾತುಗಳನ್ನು ನೋಡಿದಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ. ಮಳೆ ನೋಡಲು ಬರುವುದು ತಪ್ಪಲ್ಲ, ಅದು ನಿಜಕ್ಕೂ ನೋಡಬೇಕಾದ ಮಳೆ. ಜೂನ್ ಎರಡನೇ ವಾರದಲ್ಲೋ ಸೆಪ್ಟೆಂಬರ್‌ನಲ್ಲೋ ಬಂದರೂ ಅದು ಸಿಗುತ್ತದೆ. ಜೂನ್ ಕೂಡ ಪೂರ್ತಿ ನಿರಪಾಯವಲ್ಲ ಎಂಬುದು ಬೇರೆ ಮಾತು. 2018ರಲ್ಲಿ ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ರಸ್ತೆ ಮೊದಲು ಕುಸಿದದ್ದು ಜೂನ್‌ನಲ್ಲೇ.

ಇನ್ನು ದಿಕ್ಕು. ಹೊರಗಿನವರಿಗೆ ಕೊಡಗು ಎಂದರೆ ಒಂದೇ ಊರು. ಟಿವಿಯಲ್ಲಿ "ಕೊಡಗಿನಲ್ಲಿ ಭಾರಿ ಮಳೆ" ಎಂದರೆ ಇಡೀ ಜಿಲ್ಲೆ ಮುಳುಗಿದಂತೆ. ಜಿಲ್ಲೆಯ ವಿಸ್ತೀರ್ಣ ನಾಲ್ಕು ಸಾವಿರ ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಪಶ್ಚಿಮದ ಭಾಗಮಂಡಲದಲ್ಲಿ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆಯಾದರೆ, ಪೂರ್ವದಂಚಿನ ಕುಶಾಲನಗರದಲ್ಲಿ ಸಾವಿರದ ಆಸುಪಾಸು. ಒಂದೂವರೆ ಎರಡು ಗಂಟೆಯ ಪ್ರಯಾಣದಲ್ಲಿ ಮಳೆ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಗಾಳಿಬೀಡು, ಮದೆನಾಡು, ಭಾಗಮಂಡಲ, ಕಕ್ಕಬ್ಬೆ, ಬಿರುನಾಣಿ, ಶಾಂತಳ್ಳಿ ಕಡೆ ರಸ್ತೆ ಕಾಣದಷ್ಟು ಸುರಿಯುತ್ತಿರುವ ದಿನವೇ ಬೈಲುಕುಪ್ಪೆಯಲ್ಲಿ ಬಿಸಿಲು ಬಿದ್ದಿರುವುದು ಅಪರೂಪವಲ್ಲ. ಬುಕ್ ಮಾಡಿದ ದಿನಾಂಕ ಬದಲಿಸಲು ಆಗದೇ ಇದ್ದರೆ ಅದೇ ಎರಡು ದಿನಗಳನ್ನು ಪೂರ್ವಕ್ಕೆ ಸರಿಸಬಹುದು. ತಡಿಯಂಡಮೋಳ್, ಮಾಂದಲಪಟ್ಟಿ ಬೆಟ್ಟಗಳು, ಮಲ್ಲಳ್ಳಿ ಜಲಪಾತ ಬಿಟ್ಟು ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಬೌದ್ಧ ಮಠ, ಕುಶಾಲನಗರ, ಚಿಕ್ಲಿಹೊಳೆ ಜಲಾಶಯ ಇಟ್ಟುಕೊಳ್ಳಬಹುದು.

ಒಂದು ಎಚ್ಚರ ಮಾತ್ರ ಬೇಕು. ಕುಶಾಲನಗರದಲ್ಲಿ ಮಳೆ ಕಡಿಮೆ ಇರಬಹುದು, ನೀರು ಕಡಿಮೆ ಇರುವುದಿಲ್ಲ. ಪಶ್ಚಿಮದಲ್ಲಿ ಬಿದ್ದದ್ದೆಲ್ಲ ಕಾವೇರಿ, ಹಾರಂಗಿಯಾಗಿ ಇಲ್ಲಿಗೇ ಇಳಿಯಬೇಕು. 2018ರಲ್ಲೂ 2019ರಲ್ಲೂ ಇಲ್ಲಿನ ಹೊಳೆದಡದ ಬಡಾವಣೆಗಳು ಮುಳುಗಿದ್ದವು. ಹಾರಂಗಿ ಜಲಾಶಯದ ಪೂರ್ಣ ಮಟ್ಟ 2,859 ಅಡಿ. ಅದಕ್ಕೆ ಒಂದೆರಡು ಅಡಿ ಬಾಕಿ ಇದ್ದು ಒಳಹರಿವು ಏರುತ್ತಿದ್ದರೆ ಕೆಳಗಿನ ಹೊಳೆ ಇದ್ದಕ್ಕಿದ್ದಂತೆ ಉಬ್ಬುತ್ತದೆ. ನಿಸರ್ಗಧಾಮದ ಸೇತುವೆ, ದುಬಾರೆಯ ದೋಣಿ ನಿಲ್ಲುವುದು ಇಂಥ ದಿನಗಳಲ್ಲೇ. ಕುಶಾಲನಗರದಲ್ಲಿ ತಂಗುವವರು ತಲೆಯ ಮೇಲಿನ ಮೋಡ ನೋಡಿದರೆ ಸಾಲದು, ಭಾಗಮಂಡಲದ ಮೋಡದ ಸುದ್ದಿಯನ್ನೂ ಕೇಳಬೇಕು.

ಮಳೆ ಎಷ್ಟು ಬಂದರೆ ಎಷ್ಟು ಅಪಾಯ? ಇಲ್ಲಿನ ತೋಟದವರು ಇಂದಿಗೂ ಮಳೆಯನ್ನು ಇಂಚು, ಸೆಂಟ್‌ಗಳಲ್ಲೇ (ನೂರು ಸೆಂಟ್ ಅಂದರೆ ಒಂದು ಇಂಚು) ಅಳೆಯುತ್ತಾರೆ. ಬೆಳಗಾದರೆ ಮಳೆಮಾಪಕ ನೋಡಿ, ಪುಸ್ತಕದಲ್ಲಿ ಬರೆದು, "ನಿಮ್ಮಲ್ಲಿ ಎಷ್ಟು?" ಎಂದು ಪಕ್ಕದ ತೋಟಕ್ಕೆ ಫೋನ್ ಮಾಡುವುದು ಇಲ್ಲಿನ ದಿನಚರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ತೋಟದ ಭಾಷೆಯಲ್ಲಿ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು ಇಂಚು. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳ ಮೇಲೆ ನಿಂತಿವೆ. ಆದರೆ ಆ ಬಣ್ಣ ಹೇಳುವುದು ಮುಂದಿನ ಒಂದು ದಿನದ ಮಾತು, ಬೆಟ್ಟ ನೆನಪಿಟ್ಟುಕೊಳ್ಳುವುದು ಹಿಂದಿನ ವಾರಗಳ ಮಾತು. ಆದ್ದರಿಂದ ಹೋಂಸ್ಟೇಯವರಿಗೆ ಫೋನ್ ಮಾಡಿದಾಗ "ಮಳೆ ಇದೆಯಾ?" ಎಂದು ಕೇಳಬೇಡಿ. "ಕಳೆದ ಮೂರು ದಿನದಲ್ಲಿ ಒಟ್ಟು ಎಷ್ಟು ಇಂಚು?" ಎಂದು ಕೇಳಿ. ಕೊಡಗಿನವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ, ಉತ್ತರವೂ ಪ್ರಾಮಾಣಿಕವಾಗಿ ಬರುತ್ತದೆ. ಇನ್ನೂ ಸುಲಭದ ಸೂಚನೆ ಬೇಕೆಂದರೆ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದಾರೆಯೇ ಎಂದು ನೋಡಿ. ಇಲ್ಲಿನ ಮಕ್ಕಳು ಮೂರು ಕಿಲೋಮೀಟರ್ ದೂರದ ಶಾಲೆಗೆ ಹೋಗುವುದೇ ಬೇಡ ಎಂದು ಆಡಳಿತ ತೀರ್ಮಾನಿಸಿದ ದಿನ, ಮುನ್ನೂರು ಕಿಲೋಮೀಟರ್ ಆಚೆಯಿಂದ ಮಕ್ಕಳನ್ನು ಕರೆದುಕೊಂಡು ಜಲಪಾತ ನೋಡಲು ಬರುವುದರಲ್ಲಿ ಯಾವ ನ್ಯಾಯವೂ ಇಲ್ಲ.

ದಾರಿಯ ವಿಷಯಕ್ಕೆ ಬಂದರೆ, ಯೋಜನೆ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ರಸ್ತೆ ಮುಚ್ಚಿದರೆ ಇನ್ನೊಂದು ಇದೆಯಲ್ಲ ಎಂಬ ಧೈರ್ಯ. ನಕ್ಷೆಯಲ್ಲಿ ಇದೆ, ನಿಜ. ಮಡಿಕೇರಿಯಿಂದ ಮಂಗಳೂರಿಗೆ ಸಂಪಾಜೆ ಘಾಟಿಯ ರಾಷ್ಟ್ರೀಯ ಹೆದ್ದಾರಿ 275. ಅದು ಮುಚ್ಚಿದರೆ ಭಾಗಮಂಡಲ, ಕರಿಕೆ, ಪಾಣತ್ತೂರು ಮೇಲೆ ಸುಳ್ಯ. ಅದೂ ಇಲ್ಲವಾದರೆ ಹಾಸನಕ್ಕೆ ಹೋಗಿ ಶಿರಾಡಿ. ರಸ್ತೆಯೇ ಬೇಡ ಎಂದರೆ ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗದ ರೈಲು. ಕಾಗದದ ಮೇಲೆ ನಾಲ್ಕು ದಾರಿ. ಆದರೆ ನಾಲ್ಕೂ ಇಳಿಯುವುದು ಅದೇ ಪಶ್ಚಿಮಘಟ್ಟದ ಅದೇ ಮುಖದಲ್ಲಿ, ಅದೇ ಮೋಡದ ಕೆಳಗೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಹೆದ್ದಾರಿ ಹರಿದುಹೋದ ದಿನಗಳಲ್ಲೇ ಶಿರಾಡಿಯೂ ಮುಚ್ಚಿತ್ತು, ಘಾಟಿಯ ರೈಲು ಮಾರ್ಗದ ಮೇಲೂ ಗುಡ್ಡ ಬಿದ್ದಿತ್ತು. ವಿಮಾನದಲ್ಲಿ ಹೋಗುತ್ತೇವೆ ಎಂದು ಹೊರಟವರಿಗೆ ಕೊಚ್ಚಿ ವಿಮಾನ ನಿಲ್ದಾಣವೂ ಇರಲಿಲ್ಲ. ಆಗಸ್ಟ್ 15ರಿಂದ 29ರವರೆಗೆ ಅದು ನೀರಿನಡಿ ಸಿಕ್ಕು ಮುಚ್ಚಿತ್ತು. 2024ರ ಜುಲೈನಲ್ಲೂ ಹಾಗೇ ಆಯಿತು. ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತ ಅದೇ ತಿಂಗಳು, ಮದೆನಾಡಿನ ಕರ್ತೋಜಿ ಬಳಿ ಬರೆ (ಗುಡ್ಡ ಕಡಿದಲ್ಲಿ ಉಳಿಯುವ ಕಡಿದಾದ ಮಣ್ಣಿನ ಗೋಡೆ) ಕುಸಿಯುವ ಭಯಕ್ಕೆ ಸಂಪಾಜೆ ರಸ್ತೆಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದರು. 2022ರಲ್ಲೂ ಅದೇ ಜಾಗದಲ್ಲಿ ಅದೇ ಆದೇಶ ಬಂದಿತ್ತು.

ಒಂದೇ ಮಳೆಗೆ ಬೀಳುವ ಎರಡು ದಾರಿಗಳು ಒಂದಕ್ಕೊಂದು ಪರ್ಯಾಯವಾಗಲಾರವು. ಬೇರೆ ಮಳೆಯ ಕೆಳಗಿನ ದಾರಿ ಮಾತ್ರ ನಿಜವಾದ ಪರ್ಯಾಯ. ಕೊಡಗಿನ ಮಟ್ಟಿಗೆ ಅದು ಪೂರ್ವಕ್ಕೆ, ಅಂದರೆ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ಮೇಲೆ ಮೈಸೂರಿಗೆ ಹೋಗುವ ದಾರಿ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ತಿತಿಮತಿ ಮೇಲೆ ಹುಣಸೂರು. ಕುಟ್ಟದಿಂದ ನಾಗರಹೊಳೆ ಕಾಡಿನೊಳಗಿನ ರಸ್ತೆಯೂ ಇದೆ, ಸಂಜೆ ಆರರ ನಂತರ ಗೇಟು ಹಾಕುತ್ತಾರೆ ಎಂಬುದು ನೆನಪಿರಲಿ. ಕರಾವಳಿಗೆ ಹೋಗಲೇಬೇಕಾದವರು ಕೆಟ್ಟ ವಾರದಲ್ಲಿ ಘಾಟಿಯ ಆಸೆ ಬಿಟ್ಟು ಮೈಸೂರು ಮೇಲೆ ಬೆಂಗಳೂರಿಗೆ ಬಂದು ಅಲ್ಲಿಂದ ವಿಮಾನ ಹಿಡಿಯುವುದು ಸುತ್ತಿನ ಹಾದಿಯಾದರೂ ತಲುಪುವ ಹಾದಿ. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ಗಲ್ಫ್ ಹತ್ತಿರವಾಗಿದೆ. ಆದರೆ ಅಲ್ಲಿಗೆ ಹೋಗಬೇಕಾದ್ದು ಪೆರುಂಬಾಡಿ, ಮಾಕುಟ್ಟದ ಇಳಿಜಾರಿನ ಮೇಲೆಯೇ. ಜುಲೈ, ಆಗಸ್ಟ್‌ನಲ್ಲಿ ಬೆಳಗಿನ ಜಾವದ ವಿಮಾನಕ್ಕೆ ನಡುರಾತ್ರಿ ಮಾಕುಟ್ಟ ಇಳಿಯುವ ಬದಲು ಹಿಂದಿನ ದಿನ ಹಗಲಲ್ಲೇ ಇಳಿದು ಮಟ್ಟನ್ನೂರಿನಲ್ಲಿ ತಂಗುವುದು ಒಳ್ಳೆಯದು. ಒಂದು ರಾತ್ರಿಯ ರೂಮ್ ಬಾಡಿಗೆ, ತಪ್ಪಿದ ವಿಮಾನದ ಟಿಕೆಟ್‌ಗಿಂತ ಯಾವಾಗಲೂ ಅಗ್ಗ.

ಹಗಲು ಎಂದದ್ದಕ್ಕೆ ಕಾರಣವಿದೆ. ಬರೆ ಜರಿಯುವ ಮೊದಲು ಸುಳಿವು ಕೊಡುವುದುಂಟು. ರಸ್ತೆಗೆ ಕೆಸರು ನೀರು ಹರಿಯುವುದು, ಸಣ್ಣ ಕಲ್ಲುಗಳು ಉರುಳುವುದು, ಮರ ಅಥವಾ ಕಂಬ ವಾಲುವುದು, ಡಾಂಬರಿನಲ್ಲಿ ಬಿರುಕು. ಹಗಲಲ್ಲಿ ಇವು ಕಾಣುತ್ತವೆ. ರಾತ್ರಿ ಮಂಜಿನಲ್ಲಿ ಹೆಡ್‌ಲೈಟಿಗೆ ಎದುರಿನ ಬಸ್ಸೇ ಕಾಣುವುದಿಲ್ಲ.

ನಿಲ್ಲುವ ಜಾಗವೂ ಹಾದಿಯಷ್ಟೇ ಮುಖ್ಯ. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ಬಲಿಯಾದವರಲ್ಲಿ ರಸ್ತೆಬದಿಯ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವಿತ್ತು, ಅಲ್ಲಿ ಲಾರಿ ನಿಲ್ಲಿಸಿದ್ದವರೂ ಇದ್ದರು. ಕೊಡಗಿನ ಘಾಟಿಗಳಲ್ಲೂ ಕಾಫಿ ಕುಡಿಯಲು, ಫೋಟೊ ತೆಗೆಯಲು ಕಾರು ನಿಲ್ಲಿಸುವುದು ಗುಡ್ಡ ಕಡಿದು ಅಗಲ ಮಾಡಿದ ಜಾಗಗಳಲ್ಲೇ. ಮಳೆಯ ದಿನ ಅಲ್ಲಿ ನಿಲ್ಲಬಾರದು. ತಂಗುವ ಮನೆಯ ಬಗ್ಗೆಯೂ ಇದೇ ಮಾತು. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮಾಡಿದ ಅಧ್ಯಯನ, ಅತಿವೃಷ್ಟಿಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಕಾರಣವೆಂದು ಗುರುತಿಸಿತು. "ವ್ಯೂ" ಚೆನ್ನಾಗಿರಲಿ ಎಂದು ಬೆಟ್ಟದ ಹೊಟ್ಟೆಗೆ ಜೆಸಿಬಿ ಹಾಕಿ ಸಮ ಮಾಡಿದ ಜಾಗದ ಕಟ್ಟಡ ಬೇಸಿಗೆಯಲ್ಲಿ ಸುಂದರ. ಮಳೆಗಾಲಕ್ಕೆ ಬುಕ್ ಮಾಡುವ ಮೊದಲು ಮನೆಯ ಹಿಂದೆ ಎಷ್ಟು ಎತ್ತರದ ಬರೆ ಇದೆ, ಹತ್ತಿರ ಕೊಲ್ಲಿ (ಬೆಟ್ಟದ ತೊರೆ) ಹರಿಯುತ್ತದೆಯೇ, ಮುಖ್ಯರಸ್ತೆಗೆ ಎಷ್ಟು ದೂರ, ಸೇತುವೆ ಮುಳುಗಿದರೆ ಬೇರೆ ದಾರಿ ಇದೆಯೇ ಎಂದು ಕೇಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂಬುದನ್ನೂ. ನೋಂದಣಿ ಇರುವ ಮನೆಗೆ ಆಡಳಿತದ ಸೂಚನೆ ಬೇಗ ತಲುಪುತ್ತದೆ. ಜೊತೆಗೆ ಕೈಯಲ್ಲಿ ನಗದು ಇರಲಿ. ಮರ ಬಿದ್ದು ವಿದ್ಯುತ್ ಹೋದರೆ ಕೆಲವು ಕಡೆ ದಿನಗಟ್ಟಲೆ ಬರುವುದಿಲ್ಲ, ಟವರ್‌ನ ಡೀಸೆಲ್ ಮುಗಿದರೆ ಮೊಬೈಲೂ ಇಲ್ಲ, ಯುಪಿಐಯೂ ಇಲ್ಲ.

ಮಳೆ ಒಂದೇ ಅಲ್ಲ ನಮ್ಮ ಪ್ರಯಾಣಗಳನ್ನು ಅಲುಗಿಸಿದ್ದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಮಾಕುಟ್ಟ, ಕುಟ್ಟ, ಕರಿಕೆಯ ಗಡಿಗಳಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದರು. ಗಡಿಯಾಚೆ ಮಗಳನ್ನು ಕೊಟ್ಟವರು, ಆಚೆಯಿಂದ ತೋಟದ ಕೆಲಸಕ್ಕೆ ಬರುತ್ತಿದ್ದವರು ರಾತ್ರೋರಾತ್ರಿ ಪರದೇಶಿಗಳಾದರು. ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗಲೆಲ್ಲ ಈ ಗಡಿಗಳಲ್ಲಿ ತಪಾಸಣೆ ಬಿಗಿಯಾಗುತ್ತದೆ. 2025ರ ಜೂನ್‌ನಲ್ಲಿ ಕತಾರ್ ತನ್ನ ವಾಯುಪ್ರದೇಶ ಮುಚ್ಚಿದ ರಾತ್ರಿ ಗಲ್ಫ್‌ಗೆ ಹೊರಟವರು ನಿಲ್ದಾಣಗಳಲ್ಲೇ ಉಳಿದರು. ಇಂಥವುಗಳಿಗೆ ಋತುವಿಲ್ಲ, ಇಂಚಿನ ಲೆಕ್ಕವೂ ಇಲ್ಲ. ಇಲ್ಲಿ ಮಾಡಬಹುದಾದ್ದು ಹಣವನ್ನು ಬಿಡಿಸಿಕೊಳ್ಳುವಂತೆ ಇಟ್ಟುಕೊಳ್ಳುವುದು. ವಿಮಾನ ಸಂಸ್ಥೆಯೇ ಹಾರಾಟ ರದ್ದು ಮಾಡಿದರೆ, ಕಾರಣ ಯುದ್ಧವಿರಲಿ ಮಳೆ ಇರಲಿ, ಪೂರ್ತಿ ಹಣ ಅಥವಾ ಬದಲಿ ವಿಮಾನ ಪ್ರಯಾಣಿಕರ ಹಕ್ಕು. ಪರಿಹಾರಧನ ಮಾತ್ರ ಇಂಥ ಸಂದರ್ಭಗಳಲ್ಲಿ ಸಿಗುವುದಿಲ್ಲ. ನಾವಾಗಿಯೇ ಮೊದಲು ರದ್ದು ಮಾಡಿದರೆ ಆ ಹಕ್ಕು ಕೈತಪ್ಪುತ್ತದೆ. ಹಾಗಾಗಿ ಆತುರ ಬೇಡ.

ಹೋಂಸ್ಟೇ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಇಲ್ಲಿ ರದ್ದು ಮಾಡುವುದನ್ನು ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು, ಅದಕ್ಕಿಂತ ಒಳ್ಳೆಯದು ದಿನಾಂಕ ಬದಲಿಸುವುದು. 2018ರಲ್ಲಿ ಜಿಲ್ಲಾಡಳಿತ ಪ್ರವಾಸಿಗರು ಬರಬೇಡಿ ಎಂದು ಹೇಳಿದ್ದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ ನಿರ್ಬಂಧ ಮುಗಿದ ಮೇಲೂ ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಗುಡ್ಡ ಬೀಳದ ಊರುಗಳಲ್ಲೂ ಜೀಪಿನ ಚಾಲಕರು, ಅಡುಗೆಯವರು, ಅಬ್ಬಿ ಜಲಪಾತದ ದಾರಿಯಲ್ಲಿ ಕಾಫಿಪುಡಿ, ಜೇನು ಮಾರುವವರು ಬರಿಗೈಯಲ್ಲಿ ಕೂತರು. ಆಮೇಲಿನ ಎರಡು ವರ್ಷವೂ ಮಳೆ, ಅದರ ನಡುವೆಯೇ ಕೋವಿಡ್. ಆಗಸ್ಟ್‌ನ ಮುಂಗಡವನ್ನು ಹಿಂದಕ್ಕೆ ಕೇಳುವ ಬದಲು ಅಕ್ಟೋಬರ್‌ಗೆ ಸರಿಸಿಕೊಳ್ಳಿ. ತುಲಾ ಸಂಕ್ರಮಣದ ತೀರ್ಥೋದ್ಭವದ ಹೊತ್ತಿಗೆ ಬೆಟ್ಟ ತೊಳೆದಿಟ್ಟಂತಿರುತ್ತದೆ, ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಸುಗ್ಗಿಯ ಹುತ್ತರಿ ಹಬ್ಬ, ಕಾಫಿ ಕೊಯ್ಲು. ಮಾರ್ಚ್ ಆಸುಪಾಸಿನಲ್ಲಿ ಕಾಫಿ ಹೂವರಳಿಸುವ ಹೂಮಳೆ ಬಿದ್ದರೆ ತೋಟ ತೋಟವೇ ಬಿಳಿ. ಹೋಂಸ್ಟೇ ನಡೆಸುವವರೂ ತಮ್ಮ ಕಡೆಯಿಂದ, ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದ ದಿನ ಒಂದು ರೂಪಾಯಿ ಕಡಿತವಿಲ್ಲದೆ ದಿನಾಂಕ ಬದಲಿಸಿ ಕೊಡುತ್ತೇವೆ ಎಂದು ಮೊದಲೇ ಬರೆದುಕೊಡಬೇಕು. ಮುಂಗಡ ಹೋಗುತ್ತದಲ್ಲ ಎಂಬ ಒಂದೇ ಕಾರಣಕ್ಕೆ ಕೆಂಪು ಎಚ್ಚರಿಕೆಯಲ್ಲೂ ಹೊರಡುವವರಿದ್ದಾರೆ. ಆ ಮುಂಗಡದ ಭಯವನ್ನು ತೆಗೆದರೆ ರಸ್ತೆಯಲ್ಲಿ ಅರ್ಧ ಅಪಾಯ ತಗ್ಗುತ್ತದೆ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಮಾತು ಬರುವವರ ಬಗ್ಗೆಯೇ ಆಯಿತು. ಹೋಗಬೇಕಾದವರೂ ಇದ್ದಾರೆ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದ್ದರೂ ದೊಡ್ಡ ಚಿಕಿತ್ಸೆಗೆ ಮೈಸೂರು ಅಥವಾ ಮಂಗಳೂರೇ ಗತಿ. ಭಾಗಮಂಡಲ ಸಂಗಮದಲ್ಲಿ ನೀರು ಏರಿದರೆ ಆಚೆ ದಡದ ಊರಿನವರಿಗೆ ಜ್ವರವೂ ದೊಡ್ಡ ಕಾಯಿಲೆಯೇ. ಈಗ ಅಲ್ಲಿ ಮೇಲ್ಸೇತುವೆ ಬಂದಿರುವುದು ದೊಡ್ಡ ಸಮಾಧಾನ. ಹೆರಿಗೆ ದಿನ ಹತ್ತಿರ ಬಂದವರು, ಡಯಾಲಿಸಿಸ್‌ನಲ್ಲಿ ಇರುವವರು ಕಕ್ಕಡಕ್ಕೆ ಮೊದಲೇ ಪೇಟೆಯ ನೆಂಟರ ಮನೆಗೆ ಬಂದು ಇರುವುದು ಒಳ್ಳೆಯದು. ಸಂಪಾಜೆ, ಚೆಂಬು ಕಡೆಯವರು ಘಾಟಿ ಹತ್ತುವ ಯೋಚನೆ ಬಿಟ್ಟು ಸುಳ್ಯವನ್ನೇ ನೆಚ್ಚಿಕೊಳ್ಳಬೇಕು. ಕೆಟ್ಟ ವಾರದಲ್ಲಿ ತೆರೆದಿರುವ ಒಂದೇ ರಸ್ತೆ ಈ ಎಲ್ಲರಿಗೂ ಬೇಕು.

ಇದಕ್ಕೆ ಜಿಲ್ಲಾಡಳಿತದಿಂದ ಒಂದು ಕೆಲಸ ಆಗಲೇಬೇಕು. ತುರ್ತಿಗೆ 1077 ಮತ್ತು 112 ಇವೆ, ಎಚ್ಚರಿಕೆಗಳೂ ಬರುತ್ತವೆ. ಆದರೆ ಯಾವ ರಸ್ತೆ ತೆರೆದಿದೆ, ಯಾವುದು ಲಘು ವಾಹನಕ್ಕೆ ಮಾತ್ರ, ಯಾವುದು ರಾತ್ರಿ ಬಂದ್ ಎಂಬುದು ಜನರಿಗೆ ಸಿಗುತ್ತಿರುವುದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಆದೇಶದ ಫೋಟೊಗಳಲ್ಲಿ, ಅದರ ಜೊತೆಗೆ ಹಳೆಯ ವರ್ಷದ ಗುಡ್ಡ ಕುಸಿತದ ವಿಡಿಯೊಗಳೂ ಸೇರಿಕೊಂಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ, ಸಂಪಾಜೆ, ಮಾಕುಟ್ಟ, ಕರಿಕೆ, ಭಾಗಮಂಡಲ, ಕುಟ್ಟ, ತಿತಿಮತಿ, ಕುಶಾಲನಗರ ಎಂಬ ಏಳು ಹೆಸರುಗಳ ಮುಂದೆ ಆ ಹೊತ್ತಿನ ಸ್ಥಿತಿ, ದಿನಾಂಕ, ಸಮಯ ಹಾಕಿದ ಒಂದೇ ಪಟ್ಟಿ ಒಂದೇ ಕಡೆ ಪ್ರಕಟವಾಗಲಿ. ಪೊಲೀಸ್ ಠಾಣೆಗಳಿಗೆ, ಲೋಕೋಪಯೋಗಿ ಇಲಾಖೆಗೆ ಈ ಮಾಹಿತಿ ಹೇಗೂ ಗಂಟೆಗಂಟೆಗೆ ಬರುತ್ತಲೇ ಇರುತ್ತದೆ.